ಕೆಸರುರಾಯನ ಕಂಠ

"ಯಾರಿಗೆ ಬೇಕು ನಿನ್ನ ಹೆಸರು?"

ಕತ್ತಲಲ್ಲಿ ಅವಳು ಯಾರಿಗೂ ಅಲ್ಲದಂತೆ ಕೇಳಿದಳು. ಪರದೆಯ ಮೇಲೆ ಆಗಷ್ಟೇ ಕೆಸರಿನ ರಾಕ್ಷಸ ಕೆಸರುರಾಯ ಬಾಯಿ ತೆರೆದಿದ್ದ. ಅವನ ಘರ್ಜನೆಯಲ್ಲಿ ಅವಳ ಮಾತು ಮುಳುಗಿಹೋಯಿತು. ಮಧ್ಯಾಹ್ನದ ಆಟ; ಚಿತ್ರಮಂದಿರದ ತುಂಬ ಶಾಲೆಯ ಮಕ್ಕಳು. ರೆಕ್ಕೆಯ ಕಪ್ಪೆಗಳನ್ನೂ ಕೂದಲು ಬೆಳೆದ ಜರಿಗಳನ್ನೂ ಕಂಡು ಕಿಸಕ್ಕನೆ ನಕ್ಕವರು ಈಗ ಕಾಲು ಮೇಲೆಳೆದುಕೊಂಡು ಕುಳಿತಿದ್ದರು.

ಮೂರು ಸಾಲು ಮುಂದೆ ಚಿತ್ರದ ನಿರ್ಮಾಪಕ ಕೂತಿದ್ದ, ತೊಡೆಯ ಮೇಲೆ ಮೊಮ್ಮಗಳು. ಆ ಬೋಳು ನೆತ್ತಿಯಿಂದ ಅವಳು ಕಣ್ಣು ಕೀಳಲಿಲ್ಲ.

ಚಿತ್ರದ ಒಂದೊಂದು ಜಂತುವಿಗೂ ದನಿ ಹುಟ್ಟಿಸಿದವಳು ಅವಳು. ಒದ್ದೆ ಕೈಗವಸು ಹಿಂಡಿದರೆ ಕಪ್ಪೆ, ಬಾಚಣಿಗೆಯ ಹಲ್ಲು ಉಜ್ಜಿದರೆ ಜರಿ. ಅಪ್ಪ ಪದ್ಯ ಓದುವಾಗ ಪಕ್ಕದಲ್ಲಿ ಕೂತು ಮಾತ್ರೆ ಎಣಿಸಿ ಬೆಳೆದ ಕಿವಿ. ಅರ್ಧ ಉಸಿರು ಹೆಚ್ಚುಕಡಿಮೆಯಾದರೂ ಹಿಡಿಯುತ್ತಿತ್ತು. ನಿರ್ಮಾಪಕ ಅವಳನ್ನು ಕರೆಯುತ್ತಿದ್ದುದು 'ಕಿವುಡಿ' ಎಂದು. ಎಂಟು ತಿಂಗಳು ಸ್ಟುಡಿಯೋದ ಬಾಗಿಲು ಒದ್ದು ಬಂದು ಎಲ್ಲರೆದುರು ಉಗಿದ. ಎರಡು ಸಲ ಗಂಟಲು ಕೆರೆದುಕೊಂಡನೆಂದರೆ ಶುರುವಾಯಿತೆಂದೇ ಅರ್ಥ. ಅವಳು ಆರಿಸದ ಮೈಕಿನ ಪಕ್ಕ ನಿಂತಿದ್ದು, ಅವನು ಹೋದ ಮೇಲೆ ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದಳು: ಪರದೆಯ ಮೇಲೆ ತನ್ನ ಹೆಸರು ಬರಲಿ ಎಂದು. ಆಗ ಅವನು ಅಂದ ಮಾತೇ ಈಗ ಅವಳ ನಾಲಗೆಗೆ ಬಂದದ್ದು.

ಅದಾದ ವಾರಕ್ಕೆ, ಅದುವರೆಗೆ ಎಷ್ಟು ಮಾಡಿದರೂ ಸರಿಬಾರದಿದ್ದ ಕೆಸರುರಾಯನ ಘರ್ಜನೆ ಸಿದ್ಧವಾಯಿತು. ಕೇಳಿದವರ ಮೈ ಜುಮ್ಮೆಂದಿತು. ನಿರ್ಮಾಪಕ ಅದನ್ನೂ ನುಂಗಿದ. 'ಕೆಸರುರಾಯನ ಕಂಠ' ಎಂದು ಬರೆಸಿ, ಕೆಳಗೆ ತನ್ನ ಹೆಸರು ಹಾಕಿಸಿಕೊಂಡ. ಪ್ರಚಾರಕ್ಕೆಂದು ಆ ಘರ್ಜನೆಯನ್ನು ಮಕ್ಕಳ ಮೊಬೈಲುಗಳಿಗೆಲ್ಲ ಹಂಚಿಸಿದ.

ಪರದೆಯ ಮೇಲೆ ಕೆಸರುರಾಯ ಎರಡು ಸಲ ಗೊರಗೊರ ಅಂದು ಮತ್ತೆ ಬಾಯಿ ತೆರೆದ. ಮಕ್ಕಳು ಚೀರಿದರು. ಮೊಮ್ಮಗಳು ಮಾತ್ರ ಅಲ್ಲಾಡಲಿಲ್ಲ.

"ಭಯ ಆಗಲ್ವಾ ಪುಟ್ಟಿ?"

"ಅಭ್ಯಾಸ ಆಗಿದೆ ತಾತ."

ಟ್ರೇಲರು ನೂರು ಸಲ ನೋಡಿದ್ದಾಳೆ ಎಂದು ತಾತ ಪಕ್ಕದವರಿಗೆ ಹೇಳಿಕೊಂಡು ಉಬ್ಬಿದ.

ವಿರಾಮದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಘರ್ಜನೆ ಹಾಕಿ ಗೆಳತಿಯರನ್ನು ಬೆದರಿಸುತ್ತಿದ್ದಳು. ದನಿ ಹುಟ್ಟಿಸಿದವಳು ಬಗ್ಗಿ ಆ ಹುಡುಗಿಯ ಕಿವಿಯಲ್ಲಿ ಒಂದು ಮಾತು ಹೇಳಿದಳು. ಹುಡುಗಿಯ ಕಣ್ಣು ಅಗಲವಾಯಿತು.

ಆಟ ಮುಗಿದು, ಚಪ್ಪಾಳೆಯ ನಡುವೆ ನಿರ್ಮಾಪಕನ ಹೆಸರು ಪರದೆ ತುಂಬಿತು. ಹೊರಗೆ ಪತ್ರಿಕೆಯವರು ಮುತ್ತಿಕೊಂಡರು. ಅಂಥ ಕಂಠ ಎಲ್ಲಿಂದ ತಂದಿರಿ ಎಂದು ಒಬ್ಬ ಕೇಳಿದ. ಎಲ್ಲ ನನ್ನದೇ, ಹೊಟ್ಟೆಯೊಳಗಿಂದ ಬಂದದ್ದು ಎಂದ ನಿರ್ಮಾಪಕ. ಇನ್ನೇನೋ ಹೇಳಲು ಎರಡು ಸಲ ಗಂಟಲು ಕೆರೆದುಕೊಂಡ.

ಅಷ್ಟರಲ್ಲಿ ಎರಡು ಜಡೆಯ ಹುಡುಗಿ ಘರ್ಜನೆಯ ವೇಗ ಏರಿಸಿ ಮೊಬೈಲನ್ನು ಮೇಲೆತ್ತಿ ಹಿಡಿದಳು. ಅಲ್ಲೂ ಎರಡು ಸಲ ಗಂಟಲು ಕೆರೆಯಿತು. ಆಮೇಲೆ ಅದೇ ದನಿ, ಗಾಜಿನಷ್ಟು ಸ್ಪಷ್ಟ: "ಏ ಕಿವುಡಿ, ಯಾರಿಗೆ ಬೇಕು ನಿನ್ನ ಹೆಸರು?"

ಎಲ್ಲರೂ ನಿರ್ಮಾಪಕನತ್ತ ತಿರುಗಿದರು. ಇನ್ನೊಂದು ಮೊಬೈಲು ಅದನ್ನೇ ಹೇಳಿತು. ಆಮೇಲೆ ಹತ್ತು.

ಅವನು ಗುಂಪು ಸೀಳಿಕೊಂಡು, ಬಾಗಿಲ ಪಕ್ಕ ನಿಂತಿದ್ದ ಅವಳ ಬಳಿ ಬಂದ.

"ನೋಡು ತಾಯಿ, ಆ ಕಂಠ ನಂದಲ್ಲ ಅಂದುಬಿಡು. ಸಂಜೆಯೊಳಗೆ ನನ್ನ ಹೆಸರು ತೆಗೆಸಿ ನಿನ್ನದು ಹಾಕಿಸ್ತೀನಿ. ಹೂಂ ಅನ್ನು."

"ಆಗಲ್ಲ ಸಾರ್," ಅಂದಳು ಅವಳು. "ಕಂಠ ನಿಮ್ಮದೇ."