ಮೂರನೇ ಡೇರೆ

ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದಲ್ಲಿ, ಹುಡುಗಿಯರ ಡೇರೆಯಿಂದ ತಂದು ಹೊರಗಿಟ್ಟ ಟ್ರಂಕಿನ ಮೇಲೆ ವಿನು ಕೂತಿದ್ದಳು. ಕೊರಳಿನ ಸ್ಕಾರ್ಫ್ ಮಾತ್ರ ಇನ್ನೂ ನೆಟ್ಟಗಿತ್ತು.

ಫೋನು ಬಂತೆಂದು ತಾರಿಹಾಳದ ವರ್ಕ್‌ಶಾಪಿನಿಂದ ಗ್ರೀಸಿನ ಕೈಯಲ್ಲೇ ಓಡಿ ಬಂದಿದ್ದ ಅವಳ ಅಪ್ಪ ಗಂಗಪ್ಪ.

“ನಿಮ್ಮ ಹುಡುಗ ಸ್ಕೌಟ್‌ನವರ ಡೇರೆದಾಗ ಮಲಗಾಕ ಒಲ್ಲೆ ಅಂತಾನ್ರಿ,” ಗೈಡ್ಸ್ ಮೇಡಂ ಸುಮಲತಾ ವಿನೂನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ನಾನೂ ಹುಡುಗೀನ ಅದೀನಿ ಅಂತ ಹೆಣ್ಣುಮಕ್ಕಳ ಜೋಡಿ ಹಾಸಿಗಿ ಹಾಸಿದ್ದ. ಹುಡುಗ್ಯಾರು ಏನೂ ಅನ್ಲಿಲ್ರಿ, ಖರೇ ಹೇಳ್ಬೇಕಂದ್ರ. ನಾಳೆ ಅವರ ಮನ್ಯಾಗ ಗೊತ್ತಾದ್ರ ನನ್ನ ಕೇಳ್ತಾರ. ನಮ್ಮಲ್ಲಿ ಇರೂವು ಎರಡ ಸಾಲು, ಸ್ಕೌಟು ಇಲ್ಲಾ ಗೈಡು. ನಾ ಏನ್ ಮಾಡ್ಲಿ ಹೇಳ್ರಿ?”

ಗಂಗಪ್ಪ ಟ್ರಂಕಿನ ಹಿಡಿಕೆಗೆ ಕೈ ಹಾಕಿದ. “ಮನಿಗೆ ನಡಿ,” ಎಂದ ವಿನೂಗೆ.

“ಒಲ್ಲೆ. ಮನ್ಯಾಗೂ ಒಬ್ಬಾಕೀನ ಇರ್ತೇನಿ. ಇಲ್ಲೆ ಸೀಟಿ ಆದ್ರೂ ಕೇಳ್ತೈತಿ.”

ಮೇಡಂ ಹಳೆಯ ಡೇರೆಯೊಂದನ್ನು ತರಿಸಿದರು. ರಾಯಾಪುರದ ಆ ಬಯಲಿನಲ್ಲಿ, ಎರಡು ಸಾಲುಗಳ ನಡುವೆ, ಧ್ವಜಕಂಬದ ಹತ್ತಿರ ಜಾಗ ತೋರಿಸಿದರು. ಡೇರೆ ಎಬ್ಬಿಸಲು ಇಬ್ಬರಾದರೂ ಬೇಕು. ಒಬ್ಬರು ಕಂಬ ಹಿಡಿದರೆ ಇನ್ನೊಬ್ಬರು ಗೂಟ ಬಡಿಯಬೇಕು. ವಿನು ಎರಡೂ ಕಡೆ ನೋಡಿದಳು. ಗೆಳತಿ ಸ್ನೇಹಲ್ ಎದ್ದಳು, ಮೇಡಂ ಮುಖ ನೋಡಿ ಮತ್ತೆ ಕೂತಳು. “ಏ ವಿನ್ಯಾ, ರಾಣೀಸಾಹೇಬ್ರಿಗೆ ಅರಮನಿ ಏನಲೇ!” ಹುಡುಗರ ಕಡೆಯಿಂದ ಒಂದು ದನಿ. ನಗು.

ಗಂಗಪ್ಪ ಕಂಬ ಹಿಡಿದ. ವಿನು ಗೂಟ ಬಡಿದಳು, ಹಗ್ಗ ಬಿಗಿದಳು.

“ಬಿಡ್ಲ್ಯಾ? ಶಿಫ್ಟಿಗೆ ಹೊತ್ತಾತು.”

“ತಡಿಯಪಾ. ಇನ್ನೊಂಚೂರು ಹಿಡಿ.”

ಗೂಟಗಳೆಲ್ಲ ಮುಗಿದಿದ್ದವು. ಡೇರೆ ತಾನಾಗಿಯೇ ನಿಂತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೂ ಹಿಡಿದೇ ನಿಂತ.

ಅವನು ಕಂಬ ಬಿಡುವ ಹೊತ್ತಿಗೆ ಸಂಜೆಯ ಸೀಟಿ ಆಯಿತು. ಒಂದೊಂದು ಡೇರೆಯೂ ಒಂದು ತಂಡ. ಹುಡುಗರ ತಂಡಗಳಿಗೆ ಪ್ರಾಣಿಗಳ ಹೆಸರು, ಹುಡುಗಿಯರ ತಂಡಗಳಿಗೆ ಹೂವಿನ ಹೆಸರು. ತಂಡದ ಮುಂದಾಳು ಬಂದು ಹಾಜರಿ ಒಪ್ಪಿಸಬೇಕು. ಹುಲಿ ತಂಡದ್ದು ಮುಗಿಯಿತು, ಮಲ್ಲಿಗೆ ತಂಡದ್ದೂ ಮುಗಿಯಿತು. ಇನ್ನೇನು ಎಲ್ಲರೂ ಚದುರಬೇಕು, ಅಷ್ಟರಲ್ಲಿ ನಡುವಿನ ಡೇರೆಯಿಂದ ವಿನು ಕೈ ಬೀಸಿ ಹೆಜ್ಜೆ ಹಾಕುತ್ತ ಬಂದಳು. ಗೇಟು ದಾಟುತ್ತಿದ್ದ ಗಂಗಪ್ಪ ಅಲ್ಲೇ ನಿಂತ.

ಅವಳ ಹಿಂದೆ ಯಾರೂ ಇರಲಿಲ್ಲ. ಹಿಮ್ಮಡಿ ಕೂಡಿಸಿ, ಮೇಡಂ ಮುಂದೆ ಸೆಲ್ಯೂಟ್ ಹೊಡೆದು, ಬಯಲಿಗೆಲ್ಲ ಕೇಳುವಂತೆ ಕೂಗಿದಳು:

“ಸೇವಂತಿ ತಂಡ! ಎಲ್ಲಾರೂ ಹಾಜರ್ ಅದಾರ್ರಿ, ಮೇಡಂ.”