ಸಾವಂತ್ರೆವ್ವನ ಹಿಮ್ಮಡಿ

ಸುಳ್ಳಾಡಿದವರ ಕಾಲು ನೆಲ ಬಿಟ್ಟು ಮೇಲೇಳುವ ಕಾಲ ಬಂದ ಮೇಲೆ, ಸರಕಾರಿ ಶಾಲೆಯವರು ಆಟ ಕಲಿಸುವ ಸ್ವಯಂಸೇವಕರ ಸಂದರ್ಶನವನ್ನು ಫ್ಯಾನು ಬಂದ್ ಮಾಡಿಯೇ ನಡೆಸುತ್ತಿದ್ದರು. "ಮಕ್ಕಳಂದ್ರ ಪ್ರಾಣ" ಎಂದು ಹೇಳಿ ಮೇಲೇರಿ ಛಾವಣಿಗೆ ತಲೆ ಬಡಿಸಿಕೊಂಡ ಇಬ್ಬರನ್ನು ಜವಾನ ಆಗಷ್ಟೇ ಕೊಕ್ಕೆಕೋಲಿನಿಂದ ಇಳಿಸಿ ಮನೆಗೆ ಕಳಿಸಿದ್ದ.

ಮುಂದಿನ ಸರದಿ ಹಳೆಯ ಖೋಖೋ ಆಟಗಾರ್ತಿ ಸಾವಂತ್ರೆವ್ವನದು.

"ಮಕ್ಕಳ ಮ್ಯಾಲ ಪ್ರೀತಿ ಐತೇನ್ರಿ?" ಎಂದು ಹೆಡ್‌ಮೇಡಂ ಕೇಳಿದರು.

"ಇಲ್ರಿ. ಅವರ ಗದ್ಲಕ್ಕ ನನ್ನ ತಲಿ ನೋಯ್ತೈತಿ."

ಅವಳ ಪಾದ ಕದಲಲಿಲ್ಲ.

"ಮತ್ತ ಯಾಕ ಬಂದ್ರಿ?"

"ನಿಮ್ಮ ಹುಡುಗ್ಯಾರು ಖೋಖೋದಾಗ ಪ್ರತಿ ವರ್ಷಾ ಸೋಲ್ತಾರ. ಕಂಪೌಂಡಿನ ಆಚೆ ನಿಂತು ಎಷ್ಟಂತ ನೋಡ್ಲಿ?"

"ಹೊಡಿಯಂಗಿಲ್ಲ, ಬೈಯಂಗಿಲ್ಲ. ನಿಯಮ ಐತಿ."

"ಹೊಡಿಯೂದಿಲ್ಲ. ಬೈಯೂದೂ ಬಿಡ್ತೀನಿ."

ಹಿಮ್ಮಡಿಗಳು ಮೆಲ್ಲಗೆ ಮೇಲೆದ್ದವು. ಜವಾನ ಕೋಲಿಗೆ ಕೈ ಹಾಕಿದ. ಸಾವಂತ್ರೆವ್ವ ತನ್ನ ಕಾಲುಗಳನ್ನೇ ದುರುಗುಟ್ಟಿ ನೋಡಿ, "ಬಿಡಾಕ ನೋಡ್ತೀನ್ರಿ," ಎಂದು ತಿದ್ದಿಕೊಂಡಳು. ಹಿಮ್ಮಡಿಗಳು ಧಪ್ಪನೆ ನೆಲಕ್ಕೆ ಕೂತವು.

ಹೆಡ್‌ಮೇಡಂ ನಗು ನುಂಗಿ, ಮೇಜಿನ ಮೇಲಿದ್ದ ಸೀಟಿಯನ್ನು ಅವಳ ಕೈಗಿಟ್ಟರು. ಬಾಗಿಲವರೆಗೆ ಹೋದವಳನ್ನು ತಡೆದು ಮತ್ತೆ ಕೇಳಿದರು:

"ಈ ಸಲ ಗೆಲ್ತೀವೇನ್ರಿ?"

"ಗೆಲ್ತೀವಿ."

ಹೆಡ್‌ಮೇಡಮ್ಮೂ ಜವಾನನೂ ಉಸಿರು ಬಿಗಿಹಿಡಿದು ಅವಳ ಪಾದಗಳನ್ನೇ ನೋಡಿದರು. ಅವು ನೆಲದಲ್ಲಿ ನೆಟ್ಟ ಕಂಬದಂತೆ ನಿಂತಿದ್ದವು.