ಬಾಚಿದ ಮರಳು

"ಕಾಲು ತೆಗಿಯಪ್ಪಾ! ಈಗಷ್ಟೇ ಬಾಚಿದ ಮರಳು. ಸತ್ತೋರ ಎದೆ ಮೇಲೆ ನಿಂತು ಫೋಟೊ ಹಿಡೀತಿದ್ದೀಯಲ್ಲ!"

ಬಾಚುಗೋಲು ಹಿಡಿದಿದ್ದ ಮುದುಕಿ ಸ್ಕೈದ್ರೀತೆಯ ಗದರಿಕೆಗೆ ಗಾತಿಸ್ ಹೌಹಾರಿ ಹಿಂದೆ ಸರಿದ. ರೀಗಾ ನಗರದ ಗೋಪುರಗಳನ್ನೂ ಕಲ್ಲುಹಾಸಿನ ಬೀದಿಗಳನ್ನೂ ಸುತ್ತಿ ಮುಗಿಸಿ, ಹೊರಡುವ ಮುನ್ನ ಅಜ್ಜಿಯ ಸಮಾಧಿಯನ್ನು ಹುಡುಕಿಕೊಂಡು ಆತ ಈ ಸ್ಮಶಾನಕ್ಕೆ ಬಂದಿದ್ದ. ಪರದೇಶ ಸೇರಿದ ಮನೆಯವರಾರೂ ವರ್ಷಾನುಗಟ್ಟಲೆ ಇತ್ತ ಸುಳಿದಿರಲಿಲ್ಲ. ಕಳೆ ಮುಚ್ಚಿರುತ್ತದೆಂದೇ ಭಾವಿಸಿದ್ದ. ಆದರೆ ಒಟೀಲಿಯಾ ಎಂಬ ಅಜ್ಜಿಯ ಹೆಸರು ಹೊತ್ತ ಕಲ್ಲು ತೊಳೆದಂತೆ ಹೊಳೆಯುತ್ತಿತ್ತು. ಸಮಾಧಿಯ ಸುತ್ತ ಮರಳು ಹಾಸಿ ಬಾಚಿಡುವುದು ಇಲ್ಲಿನ ವಾಡಿಕೆ; ಆ ಮರಳಿನಲ್ಲಿ ಅಲೆಯಲೆಯಾದ ಗೆರೆಗಳು. ಅವುಗಳ ನಡುವೆ ಅವನ ಬೂಟಿನ ಗುರುತು.

"ಇವರು ನಿಮಗೇನಾಗಬೇಕಮ್ಮಾ?"

"ಏನೂ ಆಗಬೇಕಿಲ್ಲ. ಪಕ್ಕದಲ್ಲಿ ಮಲಗಿರೋನು ನನ್ನ ಗಂಡ. ಅವನದನ್ನ ಬಾಚಿ ಇವಳದನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಇವಳ ಮನೆಯೋರು ಹಡಗು ಹತ್ತಿ ಹೋದೋರು ಹೋದ್ರು. ಒಂದು ಮೇಣದಬತ್ತಿ ಹಚ್ಚೋಕೂ ಬರಲಿಲ್ಲ, ಎಂಥಾ ಜನವೋ!" ಅವಳು ಅವನ ಮುಖವನ್ನೇ ದಿಟ್ಟಿಸಿದಳು. "ನಮ್ಮ ಭಾಷೆ ಚೆನ್ನಾಗೇ ಆಡ್ತೀಯ. ಯಾರ ಪೈಕಿ ನೀನು?"

ಕಲ್ಲಿನ ಮೇಲಿದ್ದ ಹೆಸರನ್ನು ತೋರಿಸಿದ್ದರೂ ಸಾಕಿತ್ತು. ಗಾತಿಸ್‌ನ ಕೈ ಏಳಲಿಲ್ಲ.

"ನಾನು... ಊರು ನೋಡೋಕೆ ಬಂದೋನು, ಅಷ್ಟೇ."

ಮುದುಕಿಯ ಸಿಟ್ಟು ಥಟ್ಟನೆ ಇಳಿಯಿತು. "ಅಯ್ಯೋ, ಹಾಗಾದ್ರೆ ನಿನ್ನದೇನು ತಪ್ಪು ಮಗಾ?" ಎನ್ನುತ್ತ ಅವನ ತೋಳು ಸವರಿದಳು.